ಆರಾಧನೆಯಲ್ಲಿ ನುಡಿಸುವವರು ಯಾರು? ಅರೇಂಜರ್ ಕೀಬೋರ್ಡ್, ಕಂಪ್ಯೂಟರ್ ಮತ್ತು ಕರ್ತೃತ್ವದ ಪ್ರಶ್ನೆ

ಎಡಗೈ ಹಿಡಿದ ಕಾರ್ಡನ್ನು ಗುರುತಿಸಿ, ಅದಕ್ಕೆ ಹೊಂದುವ ತಾಳ, ಬೇಸ್, ಗಿಟಾರ್, ತಂತಿವಾದ್ಯಗಳ ಮೇಳವನ್ನು ತಾನೇ ನುಡಿಸಿಕೊಡುವ ವಾದ್ಯಕ್ಕೆ ಅರೇಂಜರ್ ಕೀಬೋರ್ಡ್ ಎಂದು ಹೆಸರು. ಬಲಗೈ ಹಾಡಿನ ಮಟ್ಟು ನುಡಿಸುತ್ತದೆ, ಉಳಿದದ್ದನ್ನು ಯಂತ್ರ ತುಂಬುತ್ತದೆ. ಯಮಹಾದ ಪಿಎಸ್‌ಆರ್ ಮತ್ತು ಜೀನೋಸ್, ಕೋರ್ಗ್‌ನ ಪಿಎ ಸರಣಿ, ಇಟಲಿಯ ಕೆಟ್ರಾನ್ ಈ ಜಾತಿಯ ಹೆಸರಾಂತ ವಾದ್ಯಗಳು. ಕರ್ನಾಟಕದ ರಸಮಂಜರಿ ವೇದಿಕೆಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ, ಚರ್ಚುಗಳಲ್ಲಿ, ಭಜನಾ ಮಂಡಳಿಗಳಲ್ಲಿ ಒಬ್ಬ ಕೀಬೋರ್ಡ್ ವಾದಕರೇ ಇಡೀ ಆರ್ಕೆಸ್ಟ್ರಾ ಆಗಿರುವುದು ಈಗ ಹೊಸತೇನಲ್ಲ. ಈ ವಾದ್ಯವನ್ನು ಸಿಂಥಸೈಜರ್‌ಗೆ, ಲ್ಯಾಪ್‌ಟಾಪಿನಲ್ಲಿರುವ ಸಂಗೀತ ತಂತ್ರಾಂಶಕ್ಕೆ ಜೋಡಿಸುವ ಪದ್ಧತಿಯೂ ಬೆಳೆದಿದೆ. ಮನರಂಜನೆಯ ವೇದಿಕೆಯಲ್ಲಿ ಈ ಜೋಡಣೆಯ ವಿಚಾರ ಒಳ್ಳೆಯ ಶಬ್ದ, ಕಡಿಮೆ ಖರ್ಚು ಎಂಬಷ್ಟರಲ್ಲಿ ಮುಗಿಯುತ್ತದೆ. ಆರಾಧನೆಯ ಜಾಗದಲ್ಲಿ ಮುಗಿಯುವುದಿಲ್ಲ. ಅಲ್ಲಿ ನಾದವೂ ಒಂದು ಅರ್ಪಣೆ. ಅರ್ಪಿಸುವವರು ಯಾರು ಎಂದು ಕೇಳಿದಾಗ ಉತ್ತರ ಇರಬೇಕಾಗುತ್ತದೆ.

ಉತ್ತರ ಹುಡುಕುವ ಮೊದಲು ವಾದ್ಯದ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು. ಯಮಹಾ ವಾದ್ಯಗಳಲ್ಲಿ ಒಂದು ‘ಸ್ಟೈಲ್’ ಎಂದರೆ ಎಂಟು ಭಾಗಗಳ ಮೇಳ: ಎರಡು ರಿದಂ, ಒಂದು ಬೇಸ್, ಎರಡು ಕಾರ್ಡ್, ಒಂದು ಪ್ಯಾಡ್, ಎರಡು ಫ್ರೇಸ್. ಇಂಟ್ರೊ, ಮೇನ್, ಫಿಲ್-ಇನ್, ಎಂಡಿಂಗ್ ಎಂಬ ತುಂಡುಗಳಿಗೆ ಒಂದೊಂದು ಗುಂಡಿ. ಸ್ವರವಿರುವ ಭಾಗಗಳನ್ನು ಸ್ಟೈಲ್ ರಚಿಸಿದವರು ಸಾಮಾನ್ಯವಾಗಿ ಸಿ ಮೇಜರ್ ಸೆವೆಂತ್ ಕಾರ್ಡಿನ ಮೇಲೆ ಬರೆದಿಟ್ಟಿರುತ್ತಾರೆ. ನುಡಿಸುವವರು ಎಡಗೈಯಲ್ಲಿ ಎ ಮೈನರ್ ಹಿಡಿದರೆಂದುಕೊಳ್ಳೋಣ. ಯಂತ್ರ ಎರಡು ನಿಯಮಗಳನ್ನು ನೋಡುತ್ತದೆ. ಬರೆದಿಟ್ಟ ಸ್ವರಗಳನ್ನು ಹೊಸ ಮೂಲಸ್ವರಕ್ಕೆ ಹೇಗೆ ಸಾಗಿಸಬೇಕು ಎಂಬುದು ಒಂದು. ಮೇಜರ್ ಕಾರ್ಡಿನ ಯಾವ ಸ್ವರ ಮೈನರ್‌ನಲ್ಲಿ ಯಾವುದಾಗಬೇಕು ಎಂಬ ಕೋಷ್ಟಕ ಇನ್ನೊಂದು. ಬೇಸ್ ಭಾಗ ಸಿ, ಜಿ, ಇ ಎಂದು ಬರೆದಿದ್ದರೆ ಅದು ಎ, ಇ, ಸಿ ಆಗಿ ಕೇಳಿಸುತ್ತದೆ. ಡ್ರಮ್ಮಿನ ಭಾಗ ಮಾತ್ರ ಯಾವ ಕಾರ್ಡ್ ಹಿಡಿದರೂ ಬದಲಾಗದೆ ಹೋಗುತ್ತದೆ.

ಹಾಗಾಗಿ ಸಭೆಗೆ ಕೇಳಿಸುವ ಒಂದೇ ಕ್ಷಣದ ನಾದದಲ್ಲಿ ಮೂವರ ತೀರ್ಮಾನ ಸೇರಿರುತ್ತದೆ. ಸ್ಟೈಲ್ ಬರೆದವರು ನಡೆಯನ್ನು ಎಂದೋ ತೀರ್ಮಾನಿಸಿದ್ದಾರೆ. ಕೋಷ್ಟಕ ಮಾಡಿದ ಎಂಜಿನಿಯರ್ ಸ್ವರಗಳ ರೂಪಾಂತರವನ್ನು ತೀರ್ಮಾನಿಸಿದ್ದಾರೆ. ಯಾವ ಕಾರ್ಡ್, ಯಾವಾಗ, ಎಷ್ಟು ವೇಗ, ಎಲ್ಲಿ ಫಿಲ್, ಎಲ್ಲಿ ಮುಕ್ತಾಯ ಎಂಬುದನ್ನು ಕುರ್ಚಿಯಲ್ಲಿ ಕೂತವರು ಈಗ, ಇಲ್ಲಿ ತೀರ್ಮಾನಿಸುತ್ತಾರೆ. ಮೊದಲಿನ ಇಬ್ಬರು ಆರಾಧನೆಗೆ ಬಂದಿಲ್ಲ. ಅವರ ಕೆಲಸ ಮಾತ್ರ ಬಂದಿದೆ.

ಧರ್ಮಸಂಸ್ಥೆಗಳು ಈ ಬಗೆಯ ಪ್ರಶ್ನೆಯನ್ನು ಎದುರಿಸಿದ್ದು ಇದೇ ಮೊದಲಲ್ಲ. ತಾನೇ ನುಡಿಯುವ ವಾದ್ಯದ ಕಲ್ಪನೆ ಬಹಳ ಹಿಂದಿನದು. 9ನೇ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಸಹೋದರರು ತಾನಾಗಿ ನುಡಿಯುವ ಕೊಳಲಿನ ವಿವರ ಬರೆದಿಟ್ಟಿದ್ದಾರೆ. ಆರಾಧನೆಯೊಳಗೆ ಅಂಥ ಯಂತ್ರ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದು 18ನೇ ಶತಮಾನದ ಕೊನೆ ಮತ್ತು 19ನೇ ಶತಮಾನದ ಮೊದಲ ಭಾಗದ ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ. ಬ್ಯಾರೆಲ್ ಆರ್ಗನ್ ಎಂಬ ಆ ವಾದ್ಯದೊಳಗೆ ಮೊಳೆ ಹೊಡೆದ ಮರದ ಉರುಳೆ ಇರುತ್ತಿತ್ತು. ಹಿಡಿಕೆ ತಿರುಗಿಸಿದರೆ ಉರುಳೆಯೂ ತಿರುಗಿ, ತಿದಿಯೂ ಊದಿ, ಮೊಳೆಗಳಲ್ಲಿ ಬರೆದಿದ್ದ ಸ್ತೋತ್ರದ ಮಟ್ಟು ಹೊರಡುತ್ತಿತ್ತು. ತಿರುಗಿಸುವವರಿಗೆ ಒಂದು ಸ್ವರವೂ ಗೊತ್ತಿರಬೇಕಾಗಿರಲಿಲ್ಲ. ಆದರೂ ಒಂದು ವಿಷಯ ಅವರ ಕೈಯಲ್ಲೇ ಉಳಿದಿತ್ತು: ವೇಗ. ಸಭೆ ನಿಧಾನವಾಗಿ ಹಾಡಿದರೆ ಹಿಡಿಕೆಯನ್ನೂ ನಿಧಾನಿಸಬಹುದಿತ್ತು. ಊರಿನ ಪಿಟೀಲು ವಾದಕರನ್ನು ಹೊರಗೆ ಕಳಿಸಿ ಒಬ್ಬರೇ ನುಡಿಸುವ ಆರ್ಗನ್ನು ಒಳಗೆ ಬಂದಾಗಿನ ನೋವನ್ನು ಥಾಮಸ್ ಹಾರ್ಡಿ 1872ರಲ್ಲಿ ‘ಅಂಡರ್ ದ ಗ್ರೀನ್‌ವುಡ್ ಟ್ರೀ’ ಕಾದಂಬರಿಯ ವಸ್ತುವಾಗಿ ಮಾಡಿಕೊಂಡ. ಯಂತ್ರ ಬಂದಾಗ ಯಾರ ಜಾಗ ಹೋಗುತ್ತದೆ ಎಂಬುದು ತತ್ತ್ವದ ಪ್ರಶ್ನೆಯಷ್ಟೇ ಗಂಭೀರವಾದ ಪ್ರಶ್ನೆ. ಅದನ್ನು ಬದಿಗಿಟ್ಟು ಕರ್ತೃತ್ವದ ಚರ್ಚೆ ಮಾಡಿದರೆ ಆ ಚರ್ಚೆ ಅರ್ಧವೇ ಆಗುತ್ತದೆ.

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಧಾರ್ಮಿಕ ತೀರ್ಮಾನ ಬಂದದ್ದು ಕ್ಯಾಥೊಲಿಕ್ ಸಭೆಯಿಂದ. 1958ರ ಸೆಪ್ಟೆಂಬರ್ 3ರಂದು, ಹನ್ನೆರಡನೆಯ ಪಿಯುಸ್ ಪೋಪ್ ಆಗಿದ್ದಾಗ, ರೋಮಿನ ಆಚರಣೆಗಳ ಪವಿತ್ರ ಮಂಡಳಿ ಸಂಗೀತ ಮತ್ತು ಪೂಜಾವಿಧಿಯ ಬಗ್ಗೆ ಒಂದು ಸೂಚನಾಪತ್ರ ಹೊರಡಿಸಿತು. ಪೂಜಾವಿಧಿಯಲ್ಲಿ ವಾದಕರು ಸ್ವತಃ ನುಡಿಸುವ ವಾದ್ಯಗಳಿಗೆ ಮಾತ್ರ ಅವಕಾಶ, ಯಾಂತ್ರಿಕವಾಗಿ ತಾನೇ ನುಡಿಯುವಂಥವಕ್ಕೆ ಇಲ್ಲ ಎಂಬುದು ಅದರ ನಿಲುವು. ಸ್ವಯಂಚಾಲಿತ ಆರ್ಗನ್, ಗ್ರಾಮಫೋನ್, ರೇಡಿಯೊ, ಟೇಪ್ ರೆಕಾರ್ಡರ್ ಇವನ್ನೆಲ್ಲ ಹೆಸರಿಟ್ಟು ನಿಷೇಧಿಸಲಾಯಿತು. ಹಾಡುವವರಿಗೆ ಆಸರೆಯಾಗಿ ಬಳಸುವುದೂ ಕೂಡದು ಎಂದಾಯಿತು. ಜೀವಂತ ಧ್ವನಿಯನ್ನು ದೊಡ್ಡದು ಮಾಡುವ ಧ್ವನಿವರ್ಧಕಕ್ಕೆ ಮಾತ್ರ ಅನುಮತಿ ಸಿಕ್ಕಿತು. ಪೈಪ್ ಆರ್ಗನ್ ಕೊಳ್ಳುವ ಶಕ್ತಿಯಿಲ್ಲದ ಕಡೆ ಎಲೆಕ್ಟ್ರಾನಿಕ್ ಆರ್ಗನ್ನನ್ನು ತಾತ್ಕಾಲಿಕವಾಗಿ ಸಹಿಸಿಕೊಳ್ಳಬಹುದು ಎಂದೂ ಇತ್ತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟು, ಬೇರೆ ವಾದ್ಯಗಳ ತೀರ್ಮಾನವನ್ನು ಆಯಾ ಪ್ರದೇಶದ ಅಧಿಕಾರಿಗಳಿಗೆ ಬಿಟ್ಟಿತು.

ಅರೇಂಜರ್ ಕೀಬೋರ್ಡ್ 1958ರ ಸೂಚನಾಪತ್ರ ಎಳೆದ ಗೆರೆಯ ಯಾವ ಬದಿಗೆ ಬೀಳುತ್ತದೆ? ಒಂದು ಬೆರಳಿಗೆ ಅನೇಕ ಸ್ವರ ಹೊರಡುವುದೇ ದೋಷ ಎನ್ನುವಂತಿಲ್ಲ. ಪೈಪ್ ಆರ್ಗನ್ನಿನಲ್ಲೂ ಮಿಕ್ಸ್‌ಚರ್ ಎಂಬ ಸ್ಟಾಪ್ ಎಳೆದರೆ ಒಂದೇ ಕೀಲಿಗೆ ಹಲವು ಕೊಳವೆಗಳು ಒಟ್ಟಿಗೆ ನುಡಿಯುತ್ತವೆ. ವ್ಯತ್ಯಾಸ ಇರುವುದು ಕಾಲದಲ್ಲಿ. ಆರ್ಗನ್ನಿನಲ್ಲಿ ಬೆರಳೆತ್ತಿದರೆ ನಾದ ನಿಲ್ಲುತ್ತದೆ. ಅರೇಂಜರಿನಲ್ಲಿ ಬೆರಳೆತ್ತಿದ ಮೇಲೂ ಸ್ಟೈಲ್ ನಡೆಯುತ್ತಲೇ ಇರುತ್ತದೆ. ವಾದಕರು ಎದ್ದು ಹೊರಗೆ ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆಂದು ಅದೇ ವಾದ್ಯದ ಮೇಲೆ ‘ಸಿಂಕ್ ಸ್ಟಾಪ್’ ಎಂಬ ಇನ್ನೊಂದು ಗುಂಡಿ ಇದೆ. ಅದನ್ನು ಒತ್ತಿಟ್ಟರೆ ಎಡಗೈ ಎತ್ತಿದೊಡನೆ ಇಡೀ ಮೇಳ ನಿಲ್ಲುತ್ತದೆ, ಕಾರ್ಡ್ ಹಿಡಿದರೆ ಮತ್ತೆ ಹೊರಡುತ್ತದೆ. ಒಂದು ಸಣ್ಣ ಗುಂಡಿ ಅದೇ ಯಂತ್ರವನ್ನು ಗೆರೆಯ ಈ ಬದಿಗೆ ತಂದುಬಿಟ್ಟಿತು. ಸ್ವಯಂಚಾಲಿತ ಎಂಬ ಗುಣವನ್ನು ಒಂದು ವಸ್ತುವಿಗೆ ಅಂಟಿಸಿ ನಿಷೇಧಿಸುವುದು ಸಾಲದು, ಅದು ಬಳಕೆಯ ಗುಣ ಎಂಬುದು ಇಲ್ಲಿ ಎದ್ದು ಕಾಣುತ್ತದೆ.

ಭಾರತೀಯ ಚಿಂತನೆ ಕರ್ತೃತ್ವವನ್ನು ಬಿಡಿಸಿ ನೋಡಿದಷ್ಟು ವಿವರವಾಗಿ ನೋಡಿದ ಪರಂಪರೆಗಳು ಕಡಿಮೆ. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ, ಕ್ರಿಯೆ ಸಿದ್ಧಿಸಲು ಎಲ್ಲಕ್ಕಿಂತ ಹೆಚ್ಚಾಗಿ ಒದಗುವುದು ಕರಣ ಎಂದು ಪಾಣಿನಿ ಬೇರ್ಪಡಿಸಿದ. ನೈಯಾಯಿಕರು ಇನ್ನೂ ಮುಂದೆ ಹೋಗಿ ಕರ್ತೃವಿಗೆ ಮೂರು ಲಕ್ಷಣ ಹೇಳಿದರು: ಮಾಡುವ ಸಾಮಗ್ರಿಯ ಅರಿವು, ಮಾಡಬೇಕೆಂಬ ಇಚ್ಛೆ, ಮಾಡುವ ಪ್ರಯತ್ನ. ಈಶ್ವರನಿದ್ದಾನೆ ಎಂದು ಸಾಧಿಸಲು ಉದಯನಾಚಾರ್ಯರಂಥವರು ಬಳಸಿದ್ದೂ ಇದೇ ಲಕ್ಷಣವನ್ನು. ಜಗತ್ತು ಒಂದು ಕಾರ್ಯವಾದರೆ ಅದಕ್ಕೆ ಅರಿವು, ಇಚ್ಛೆ, ಪ್ರಯತ್ನಗಳಿರುವ ಕರ್ತೃ ಬೇಕು ಎಂಬುದು ಅವರ ವಾದ. ಕೀಬೋರ್ಡಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅದರೊಳಗಿನ ಸ್ಟೈಲ್ ಇನ್ನೊಬ್ಬರ ಅರಿವು ಮತ್ತು ಪ್ರಯತ್ನದ ಫಲ, ಕೂಡಿಟ್ಟದ್ದು. ಆದ್ದರಿಂದ ನ್ಯಾಯದ ಲೆಕ್ಕದಲ್ಲಿ ಯಂತ್ರ ಎಂದೂ ಕರ್ತೃವಾಗದು. ಅಷ್ಟರಿಂದ ಕುರ್ಚಿಯಲ್ಲಿ ಕೂತವರು ಪೂರ್ಣ ಕರ್ತೃ ಎಂದೂ ಆಗುವುದಿಲ್ಲ. ಫಿಲ್-ಇನ್ ಗುಂಡಿ ಒತ್ತಿದವರಿಗೆ ಅದರಲ್ಲಿ ಯಾವ ಪೆಟ್ಟು ಎಲ್ಲಿ ಬೀಳುತ್ತದೆ ಎಂಬ ಅರಿವು ಇಲ್ಲದಿದ್ದರೆ, ಆ ಪೆಟ್ಟಿನ ಮಟ್ಟಿಗೆ ಅವರ ಕರ್ತೃತ್ವ ತೆಳುವಾಗಿಯೇ ಇರುತ್ತದೆ.

ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳಿ, ತಾನೊಬ್ಬನೇ ಮಾಡಿದೆ ಎಂದು ತಿಳಿಯುವವನ ತಿಳಿವು ತಪ್ಪು ಎನ್ನುತ್ತದೆ. ವೀಣೆ ನುಡಿಸುವವರಿಗೂ ಇದು ಅನ್ವಯಿಸುತ್ತದೆ. ಅಲ್ಲಿಯೂ ಮರ ಕೊರೆದವರು, ಮೇಳ ಕಟ್ಟಿದವರು, ಕಲಿಸಿದ ಗುರು ಎಲ್ಲರೂ ಇದ್ದಾರೆ. ಅರೇಂಜರ್ ಕೀಬೋರ್ಡ್ ಈ ಸತ್ಯವನ್ನು ಹೊಸದಾಗಿ ಹುಟ್ಟಿಸಲಿಲ್ಲ, ಕಣ್ಣಿಗೆ ಬೀಳುವಂತೆ ಮಾಡಿತು.

ಆರಾಧನೆಯ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರ ಬರುವವರು ಮೀಮಾಂಸಕರು. ಯಜ್ಞದ ಫಲ ಯಜಮಾನನಿಗೆ. ಹಾಗಿದ್ದರೆ ಯಜ್ಞದ ಎಲ್ಲ ಕೆಲಸವನ್ನೂ ಅವನೇ ಮಾಡಬೇಕೆ ಎಂಬ ಚರ್ಚೆ ಜೈಮಿನಿ ಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಬರುತ್ತದೆ. ಬೇಕಿಲ್ಲ ಎಂಬುದು ಸಿದ್ಧಾಂತ. ದಕ್ಷಿಣೆ ಕೊಟ್ಟು ಋತ್ವಿಜರಿಂದ ಮಾಡಿಸಬಹುದು, ಮಾಡಿಸಿದರೂ ಕರ್ಮ ಯಜಮಾನನದೇ. ಆದರೆ ಒಂದನ್ನು ಅವನು ಬೇರೆಯವರಿಗೆ ವಹಿಸುವಂತಿಲ್ಲ, ಅದು ತ್ಯಾಗ. ಹವಿಸ್ಸನ್ನು ದೇವತೆಗೆಂದು ಬಿಟ್ಟುಕೊಡುವ, ಇನ್ನು ಇದು ತನ್ನದಲ್ಲ ಎನ್ನುವ ಆ ಭಾಗ ಯಜಮಾನನೇ ಮಾಡಬೇಕಾದದ್ದು. ಈ ತೀರ್ಮಾನದಲ್ಲಿ ದೊಡ್ಡ ವಿವೇಕವಿದೆ. ಆರಾಧನೆಯಲ್ಲಿ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದು ತಪ್ಪಲ್ಲ. ಯಾವುದನ್ನು ವಹಿಸಬಾರದು ಎಂದು ಗೊತ್ತಿಲ್ಲದಿರುವುದು ತಪ್ಪು.

ಕರ್ನಾಟಕದ ಅನೇಕ ದೇವಾಲಯಗಳಲ್ಲಿ ಮಂಗಳಾರತಿಯ ಹೊತ್ತಿಗೆ ನಗಾರಿ, ಗಂಟೆ, ಜಾಗಟೆಗಳನ್ನು ಒಟ್ಟಿಗೆ ಬಡಿಯುವ ವಿದ್ಯುತ್ ಯಂತ್ರ ಕಾಣುತ್ತದೆ. ಅರ್ಚಕರು ಸ್ವಿಚ್ ಹಾಕುತ್ತಾರೆ, ಮೋಟಾರು ತಿರುಗುತ್ತದೆ, ಸರಳುಗಳು ಒಂದೇ ವೇಗದಲ್ಲಿ ಬಡಿಯುತ್ತವೆ. ನಗಾರಿ ಬಡಿಯುವುದು ಹಲವು ಕಡೆ ಒಂದು ಸೇವೆಯಾಗಿತ್ತು, ಮಕ್ಕಳು ಗಂಟೆಯ ಹಗ್ಗಕ್ಕೆ ಕೈ ಚಾಚಿ ಕಾಯುತ್ತಿದ್ದರು. ಯಂತ್ರ ಬಂದಾಗ ನಾದ ಉಳಿಯಿತು, ಸೇವೆ ಹೋಯಿತು. ಮೀಮಾಂಸಕರ ಅಳತೆಯಲ್ಲಿ ಇದು ನಿಜವಾದ ನಷ್ಟ. ಬಡಿಯುವ ಕೆಲಸವನ್ನು ವಹಿಸಿದ್ದರ ಜೊತೆಗೆ, ಬಡಿದವರ ಅರ್ಪಣೆಗೆ ಇದ್ದ ಜಾಗವೂ ಮುಚ್ಚಿಹೋಯಿತು. ಆಳು ಸಿಗದ ಸಣ್ಣ ಗುಡಿಗೆ ಬೇರೆ ದಾರಿ ಇಲ್ಲದಿರಬಹುದು. ಕೈ ಚಾಚುವ ಮಕ್ಕಳು ಎದುರಿಗೇ ಇರುವಾಗಲೂ ಸ್ವಿಚ್ ಹಾಕುವುದಕ್ಕೆ ಅಂಥ ಸಮರ್ಥನೆ ಇಲ್ಲ.

ಎಲೆಕ್ಟ್ರಾನಿಕ್ ತಂಬೂರಿಯ ಕಥೆ ಬೇರೆ. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ 1979ರಲ್ಲಿ ಆರಂಭಿಸಿದ ರಾಡೆಲ್ ಸಂಸ್ಥೆಯ ಶ್ರುತಿಪೆಟ್ಟಿಗೆಗಳು ದೇಶದ ಕಛೇರಿ ವೇದಿಕೆಗಳಿಗೆ, ಭಜನಾ ಮಂದಿರಗಳಿಗೆ ಹೆಚ್ಚು ಗದ್ದಲವಿಲ್ಲದೆ ಹೋಗಿ ಕೂತವು. ಅದೇ ಬಗೆಯ ಎಲೆಕ್ಟ್ರಾನಿಕ್ ತಬಲ, ಮೃದಂಗ ಮಾತ್ರ ಬಹುಮಟ್ಟಿಗೆ ಸಾಧನೆಯ ಕೋಣೆಯಲ್ಲೇ ಉಳಿದವು. ಎರಡೂ ಯಂತ್ರಗಳೇ, ಒಂದನ್ನು ವೇದಿಕೆ ಒಪ್ಪಿತು, ಇನ್ನೊಂದನ್ನು ಒಪ್ಪಲಿಲ್ಲ. ತಂಬೂರಿಯ ಧರ್ಮವೇ ಬದಲಾಗದಿರುವುದು. ಹಾಡುಗಾರರು ಏನು ಮಾಡಿದರೂ ಅದು ಷಡ್ಜ ಪಂಚಮಗಳನ್ನು ಬಿಡುವುದಿಲ್ಲ. ಮೃದಂಗದ ಧರ್ಮ ಅದಕ್ಕೆ ವಿರುದ್ಧ. ಸಂಗತಿ ಎತ್ತ ಹೊರಳುತ್ತದೆ, ಎಲ್ಲಿ ಎಡುಪು, ಎಲ್ಲಿ ಬಿಡುವು ಎಂದು ಕೇಳುತ್ತ ಹೋಗುವುದೇ ಪಕ್ಕವಾದ್ಯ. ಕೇಳಬೇಕಾಗಿಲ್ಲದ ಕೆಲಸವನ್ನು ಯಂತ್ರಕ್ಕೆ ವಹಿಸಿದಾಗ ಹೋಗುವುದು ಕಡಿಮೆ. ಕೇಳುವುದೇ ಕೆಲಸವಾಗಿರುವುದನ್ನು ವಹಿಸಿದಾಗ ಹೋಗುವುದು ಬಹಳ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ 1971ರವರೆಗೆ ಆ ನಿಷೇಧವನ್ನು ಉಳಿಸಿಕೊಂಡದ್ದು ಸ್ವರದ ಕಾರಣಕ್ಕೆ, ಅದರ ಸ್ಥಿರ ಸ್ವರಗಳು ರಾಗಕ್ಕೆ ಒಗ್ಗುವುದಿಲ್ಲ ಎಂದು. ಆ ಇಡೀ ಅವಧಿಯಲ್ಲಿ ಭಜನೆಗಳು ಹಾರ್ಮೋನಿಯಂ ಬಿಡಲಿಲ್ಲ. ತಿದಿ ಒತ್ತುವ ಕೈ ಹಾಡುವವರ ಜೊತೆಗೇ ಉಸಿರಾಡುತ್ತಿತ್ತು ಎಂಬುದೇ ಅದಕ್ಕೆ ಕಾರಣವಿರಬೇಕು.

ಅರೇಂಜರನ್ನು ಕಂಪ್ಯೂಟರಿಗೆ ಜೋಡಿಸಿದಾಗ ಈ ಲೆಕ್ಕದಲ್ಲಿ ಏನು ಬದಲಾಗುತ್ತದೆ ಎಂಬುದು ಮುಂದಿನ ವಿಷಯ. ಜೋಡಣೆಯ ಭಾಷೆ ಮಿಡಿ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯ ಪ್ರದರ್ಶನದಲ್ಲಿ ಡೇವ್ ಸ್ಮಿತ್ ಅವರ ಕಂಪನಿಯ ಪ್ರಾಫೆಟ್-600 ಮತ್ತು ಇಕುತಾರೊ ಕಾಕೆಹಾಶಿ ಅವರ ರೋಲ್ಯಾಂಡ್ ಕಂಪನಿಯ ಜುಪಿಟರ್-6 ಒಂದಕ್ಕೊಂದು ಮಾತಾಡಿದವು. ಎರಡು ಬೇರೆ ಕಂಪನಿಗಳ ವಾದ್ಯಗಳು ಒಂದೇ ಭಾಷೆಯಲ್ಲಿ ಮಾತಾಡಿದ್ದನ್ನು ಜನ ಕಂಡದ್ದು ಅಲ್ಲಿ. ಮಿಡಿ ತಂತಿಯಲ್ಲಿ ಶಬ್ದ ಹರಿಯುವುದಿಲ್ಲ. ಯಾವ ಕೀಲಿ, ಎಷ್ಟು ಬಲ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟದ್ದು ಎಂಬ ಸುದ್ದಿ ಹರಿಯುತ್ತದೆ. ಬಲವನ್ನು 0ಯಿಂದ 127ರವರೆಗಿನ ಅಂಕಿಯಲ್ಲಿ ಹೇಳಲಾಗುತ್ತದೆ, ದಾರಿಗಳು 16. ಯಮಹಾದ ಸ್ಟೈಲ್‌ಗಳಲ್ಲಿ ಎಂಟು ಭಾಗಗಳಿಗೆ 9ರಿಂದ 16ರವರೆಗಿನ ದಾರಿಗಳು ಮೀಸಲು. ಯುಎಸ್‌ಬಿ ತಂತಿ ಹಾಕಿದರೆ ಎಂಟೂ ಭಾಗಗಳು ಬೇರೆ ಬೇರೆಯಾಗಿ ಕಂಪ್ಯೂಟರಿನಲ್ಲಿ ಕಾಣುತ್ತವೆ. ಹನ್ನೊಂದನೆಯ ದಾರಿಯ ಬೇಸನ್ನು ಒಂದು ಅನಲಾಗ್ ಸಿಂಥಸೈಜರ್‌ಗೆ, ಹದಿನಾಲ್ಕನೆಯ ದಾರಿಯ ಪ್ಯಾಡನ್ನು ತಂತ್ರಾಂಶದ ತಂತಿವಾದ್ಯಕ್ಕೆ ಕಳಿಸಬಹುದು. ಒಂದೇ ಸ್ವರ ಎರಡು ಸಲ ಕೇಳದಂತೆ ಕೀಬೋರ್ಡಿನ ‘ಲೋಕಲ್ ಕಂಟ್ರೋಲ್’ ಆಫ್ ಮಾಡಬೇಕು.

ಕಂಪ್ಯೂಟರ್ ಶಬ್ದ ತಯಾರಿಸಲು ತೆಗೆದುಕೊಳ್ಳುವ ವಿಳಂಬದ ಬಗ್ಗೆ ವಾದಕರು ಬಹಳ ತಲೆಕೆಡಿಸಿಕೊಳ್ಳುತ್ತಾರೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ದರದಲ್ಲಿ 256 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಅದೊಂದರಿಂದಲೇ ಸುಮಾರು 5.8 ಮಿಲಿಸೆಕೆಂಡ್ ತಡ. ಶಬ್ದ ಗಾಳಿಯಲ್ಲಿ ಎರಡು ಮೀಟರ್ ಸಾಗಲು ಹಿಡಿಯುವ ಹೊತ್ತು ಅದು. ದೊಡ್ಡ ಚರ್ಚಿನಲ್ಲಿ ಪೈಪ್ ಆರ್ಗನ್ನಿನ ನಾದ ಹಿಂದಿನ ಬೆಂಚಿಗೆ ಮುಟ್ಟಲು ಇದರ ಹತ್ತು ಪಟ್ಟು ಹೊತ್ತು ಬೇಕಾಗಬಹುದು. ಇಷ್ಟು ತಡದಿಂದ ಕರ್ತೃತ್ವಕ್ಕೆ ಧಕ್ಕೆಯಿಲ್ಲ.

ಧಕ್ಕೆ ಅಥವಾ ಲಾಭ ಆಗುವುದು ಬೇರೆ ಕಡೆ, ಮೊದಲನೆಯದಾಗಿ ಸ್ಟೈಲಿನ ರಚನೆಯಲ್ಲಿ. ಕನ್ನಡ ಚರ್ಚುಗಳಲ್ಲಿ ಜರ್ಮನ್ ಕೋರಲ್ ಮಟ್ಟಿನ ಹಾಡುಗಳೂ ಇವೆ, ದೇಶೀ ರಾಗದ ಕೀರ್ತನೆಗಳೂ ಇವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಲದಿಂದ ಈ ಎರಡು ಧಾರೆ ಒಟ್ಟಿಗೆ ಹರಿದಿವೆ. ಮೊದಲನೆಯದಕ್ಕೆ ಕಾರ್ಖಾನೆಯ ಸ್ಟೈಲ್ ಸರಿಹೋಗುತ್ತದೆ. ಎರಡನೆಯದಕ್ಕೆ ಹೋಗುವುದಿಲ್ಲ. ಹಿಂದೋಳ ರಾಗದ ಒಂದು ಭಜನೆಯನ್ನೇ ತೆಗೆದುಕೊಳ್ಳಬಹುದು. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ ಇಷ್ಟೇ ಅದರ ಸ್ವರಗಳು. ಸಿ ಷಡ್ಜವಾದರೆ ಎಡಗೈಗೆ ತಕ್ಷಣ ಹೊಳೆಯುವುದು ಸಿ ಮೈನರ್. ಆದರೆ ಸಿ ಮೈನರ್‌ನಲ್ಲಿ ಜಿ ಇದೆ, ಎಂದರೆ ಪಂಚಮ. ಹಿಂದೋಳದಲ್ಲಿ ಪಂಚಮ ವರ್ಜ್ಯ. ಕಾರ್ಡ್ ಹಿಡಿದೊಡನೆ ಬೇಸ್, ಗಿಟಾರ್, ಪ್ಯಾಡ್ ಮೂರೂ ಸೇರಿ ರಾಗದಲ್ಲಿ ಇಲ್ಲದ ಸ್ವರವನ್ನು ಬಾರಿ ಬಾರಿಗೂ ಮೊಳಗಿಸುತ್ತವೆ. ಸಾದಾ ಮೇಜರ್, ಮೈನರ್ ಕಾರ್ಡುಗಳಲ್ಲಿ ಎಫ್ ಮೈನರ್, ಎ ಫ್ಲ್ಯಾಟ್ ಮೇಜರ್ ಎಂಬ ಎರಡು ಮಾತ್ರ ರಾಗದೊಳಗೆ ಉಳಿಯುತ್ತವೆ. ಅವುಗಳ ಮೂಲಸ್ವರ ಷಡ್ಜವಲ್ಲವಾದ್ದರಿಂದ ಹಾಡಿನ ಆಧಾರ ಜಾರಿದಂತೆ ಕೇಳುತ್ತದೆ. ಹಾಡುವವರು ತಿಳಿಯದೆಯೇ ಯಂತ್ರದ ಕಡೆಗೆ ವಾಲಿ, ಪಂಚಮದ ನೆರಳನ್ನು ಹಾಡಿನಲ್ಲೂ ತಂದುಬಿಡುತ್ತಾರೆ. ಸ್ಟೈಲ್ ಬರೆದ ದೂರದ ವ್ಯಕ್ತಿಯ ತೀರ್ಮಾನ ಇಲ್ಲಿನ ಭಕ್ತರ ಕಂಠದೊಳಕ್ಕೆ ಇಳಿದದ್ದು ಹೀಗೆ.

ಕಂಪ್ಯೂಟರ್ ನಿಜವಾದ ಸಹಾಯಕ್ಕೆ ಬರುವುದು ಈ ಜಾಗದಲ್ಲಿ. ಸ್ಟೈಲ್ ಕಡತದ ಒಡಲಲ್ಲಿ ಇರುವುದು ಮಿಡಿ ದಾಖಲೆಯೇ. ಅದನ್ನು ತಂತ್ರಾಂಶದಲ್ಲಿ ಬಿಚ್ಚಿ ಹೊಸದಾಗಿ ಬರೆಯಬಹುದು. ಹಿಂದೋಳಕ್ಕೆ ಷಡ್ಜ ಮಧ್ಯಮಗಳ ಶ್ರುತಿ ಮಾತ್ರ ಇಟ್ಟು, ಕಾರ್ಡ್ ಬದಲಾದರೂ ಆ ಸ್ವರಗಳು ಕದಲದಂತೆ ನಿಯಮವನ್ನು ‘ಬೈಪಾಸ್’ ಮಾಡಿ, ಮೇಲೆ ಊರಿನ ತಬಲ ವಾದಕರಿಂದಲೇ ನುಡಿಸಿ ದಾಖಲಿಸಿದ ನಡೆಯನ್ನು ಕೂರಿಸಬಹುದು. ಮಿಶ್ರಚಾಪಿನ ಏಳು ಎಣಿಕೆಯನ್ನು ಮೂರು-ನಾಲ್ಕಾಗಿ ಸರಿಯಾಗಿ ಒಡೆಯಬಹುದು. ಬಲಗೈಯ ಗಮಕಕ್ಕೂ ದಾರಿಯಿದೆ. ಪಿಚ್ ಬೆಂಡ್ ಚಕ್ರಕ್ಕೆ ಮಿಡಿಯಲ್ಲಿ 16,384 ಮೆಟ್ಟಿಲುಗಳಿವೆ, ಆದರೆ ಅದು ಆ ದಾರಿಯ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ. ಪ್ರತಿ ಸ್ವರವನ್ನೂ ಬೇರೆಯಾಗಿ ಬಾಗಿಸುವ ಎಂಪಿಇ ಪದ್ಧತಿ 2018ರಲ್ಲಿ ಅಂಗೀಕಾರವಾಯಿತು. ನೈಯಾಯಿಕರ ಮೂರು ಲಕ್ಷಣಗಳಲ್ಲಿ ಮೊದಲನೆಯದಾದ ಅರಿವು ಇಲ್ಲಿ ಕುರ್ಚಿಯಲ್ಲಿ ಕೂತವರಿಗೆ ಮರಳುತ್ತದೆ. ಈಗ ಪ್ರತಿ ಪೆಟ್ಟೂ ಅವರಿಗೆ ಗೊತ್ತು, ಯಾಕೆ ಅಲ್ಲಿದೆ ಎಂದೂ ಗೊತ್ತು. ಹೆಚ್ಚು ಯಂತ್ರ ಸೇರಿದರೆ ಮನುಷ್ಯ ಕಡಿಮೆಯಾಗುತ್ತಾನೆ ಎಂಬ ಸಾಮಾನ್ಯ ನಂಬಿಕೆ ಈ ಬಳಕೆಯ ಮುಂದೆ ನಿಲ್ಲುವುದಿಲ್ಲ.

ಎರಡನೆಯ ಬದಲಾವಣೆ ಗಡಿಯಾರದ್ದು, ಅದು ಹೆಚ್ಚು ಅಪಾಯದ್ದು. ಅನೇಕ ಯಂತ್ರಗಳು ಒಟ್ಟಿಗೆ ನಡೆಯಬೇಕಾದರೆ ಒಂದು ಯಂತ್ರ ಎಣಿಸಬೇಕು, ಉಳಿದವು ಅನುಸರಿಸಬೇಕು. ಮಿಡಿ ಗಡಿಯಾರ ಒಂದು ಕ್ವಾರ್ಟರ್ ನೋಟಿಗೆ 24 ಬಡಿತ ಕಳಿಸುತ್ತದೆ. ಯಾರು ಎಣಿಸಬೇಕು ಎಂಬ ಆಯ್ಕೆ ಸೆಟ್ಟಿಂಗಿನ ಒಂದು ಸಾಲು, ಆದರೆ ಆರಾಧನೆಯ ಸ್ವರೂಪವೇ ಅದರ ಮೇಲೆ ನಿಂತಿದೆ. ಕೀಬೋರ್ಡ್ ಎಣಿಸಿ ಕಂಪ್ಯೂಟರ್ ಅನುಸರಿಸಿದರೆ, ವಾದಕರು ಟ್ಯಾಪ್ ಟೆಂಪೊ ಗುಂಡಿ ತಟ್ಟಿದಾಗ ಸಿಂಥಸೈಜರಿನ ಆರ್ಪೆಜಿಯೊ, ಎಕೋ ಎಲ್ಲವೂ ಹಾಡುವವರ ಕಡೆಗೆ ಹೊರಳುತ್ತವೆ. ಭಜನೆಯ ನಡೆ ನಿಧಾನವಾಗಿ ಶುರುವಾಗಿ, ಹೇಳಿಕೊಡುವವರ ಹುರುಪಿನ ಮೇಲೆ ಏರುತ್ತ ಹೋಗುವಂಥದ್ದು. ಎಷ್ಟು ಸಲ ಸಾಲು ತಿರುಗುತ್ತದೆ ಎಂದು ಮೊದಲೇ ಯಾರೂ ಗೊತ್ತುಮಾಡಿರುವುದಿಲ್ಲ. ಈ ಜೋಡಣೆ ಅದಕ್ಕೆ ಜೊತೆಗೊಡಬಲ್ಲದು.

ಕಂಪ್ಯೂಟರ್ ಎಣಿಸಿದರೆ ಕಥೆ ತಿರುಗುತ್ತದೆ. ಏಬಲ್‌ಟನ್ ಲೈವ್‌ನಂಥ ತಂತ್ರಾಂಶದಲ್ಲಿ ಮೊದಲೇ ಸಿದ್ಧಪಡಿಸಿದ ಟ್ರ್ಯಾಕ್ ಓಡುತ್ತದೆ, ವಾದಕರ ಕಿವಿಯಲ್ಲಿ ಕ್ಲಿಕ್ ಬಡಿಯುತ್ತದೆ, ಅವರು ಕ್ಲಿಕ್ಕಿಗೆ ನುಡಿಸುತ್ತಾರೆ, ಸಭೆ ಅವರಿಗೆ ಹಾಡುತ್ತದೆ. ಕೊನೆಯ ಚರಣದಲ್ಲಿ ಸಭೆ ತಾನಾಗಿ ನಿಧಾನಿಸಿದರೂ ಟ್ರ್ಯಾಕ್ ನಿಧಾನಿಸುವುದಿಲ್ಲ. ಬ್ಯಾರೆಲ್ ಆರ್ಗನ್ನಿನ ಹಿಡಿಕೆ ತಿರುಗಿಸುವವರ ಬಳಿ ಉಳಿದಿದ್ದ ಒಂದೇ ಒಂದು ತೀರ್ಮಾನವೂ ಇಲ್ಲಿ ಕೈಬಿಟ್ಟಿತು. ಮೇಳದಲ್ಲಿ ನಾಲ್ಕು ಜನ ಜೀವಂತ ವಾದಕರಿದ್ದರೂ ಅವರೆಲ್ಲರೂ ಆ ಕ್ಲಿಕ್ಕಿನ ಪಕ್ಕವಾದ್ಯ. ನುಡಿಸುವ ಕೈಗಳನ್ನಷ್ಟೇ ಎಣಿಸಿದರೆ 1958ರ ಸೂಚನೆಯ ಅಕ್ಷರಕ್ಕೆ ಈ ಮೇಳ ಹೆಚ್ಚು ಹತ್ತಿರ ಎನಿಸಬಹುದು, ಮೊದಲೇ ಸಿದ್ಧಪಡಿಸಿದ ಟ್ರ್ಯಾಕಿನಿಂದಾಗಿ ಅದೂ ನಿಲ್ಲುವುದಿಲ್ಲ. ಸೂಚನೆಯ ಆಶಯಕ್ಕೆ, ಸಭೆಗೆ ಕಾಯುವ ಒಬ್ಬ ಅರೇಂಜರ್ ವಾದಕರೇ ಹೆಚ್ಚು ಹತ್ತಿರ. ಯಂತ್ರ ಎಷ್ಟಿದೆ ಎಂದು ಎಣಿಸುವುದಕ್ಕಿಂತ ಯಾರು ಯಾರಿಗಾಗಿ ಕಾಯುತ್ತಾರೆ ಎಂದು ನೋಡುವುದು ಸರಿಯಾದ ಪರೀಕ್ಷೆ.

ಈ ಪರೀಕ್ಷೆಗೂ ಒಂದು ಮಿತಿ ಬರುವುದಿದೆ. ನುಡಿಸುವವರನ್ನು ಕೇಳಿ ಅನುಸರಿಸುವ ಕಂಪ್ಯೂಟರ್ ಪಕ್ಕವಾದ್ಯವನ್ನು ರಾಜರ್ ಡ್ಯಾನೆನ್‌ಬರ್ಗ್ ಮತ್ತು ಬ್ಯಾರಿ ವರ್ಕೊ 1984ರಲ್ಲೇ ಬೇರೆ ಬೇರೆಯಾಗಿ ಮಂಡಿಸಿದರು. ವಾದಕರ ಸ್ವರಗಳನ್ನು ಬರೆದಿಟ್ಟ ಸಂಗೀತದೊಂದಿಗೆ ಹೋಲಿಸಿ, ಅವರು ಎಲ್ಲಿದ್ದಾರೆ ಎಂದು ಊಹಿಸಿ, ವೇಗ ಹೊಂದಿಸಿಕೊಳ್ಳುವುದು ಅದರ ಕ್ರಮ. ಆ ವಿದ್ಯೆ ಅಂದಿನಿಂದ ಬಹಳ ಬೆಳೆದಿದೆ. ಯಂತ್ರವೂ ಕಾಯಬಲ್ಲದು ಎಂದಾದರೆ, ಕಾಯುವುದು ಮನುಷ್ಯನ ಗುರುತಾಗಿ ಉಳಿಯುವುದಿಲ್ಲ. ಆಗ ಮೀಮಾಂಸಕರ ಲೆಕ್ಕಕ್ಕೇ ಮರಳಬೇಕಾಗುತ್ತದೆ. ಸಾಮೂಹಿಕ ಆರಾಧನೆಯಲ್ಲಿ ಯಜಮಾನ ಸ್ಥಾನದಲ್ಲಿರುವುದು ಹಾಡುವ ಸಭೆ. ಸಂಬಳ ಪಡೆದು ನುಡಿಸುವ ಕೀಬೋರ್ಡ್ ವಾದಕರು ಋತ್ವಿಜರ ಸ್ಥಾನದಲ್ಲಿದ್ದಾರೆ. ಕೇಳಿ ಅನುಸರಿಸುವ ಯಂತ್ರ ಬಂದರೆ ಅದೂ ಹೆಚ್ಚೆಂದರೆ ಅದೇ ಸಾಲಿನಲ್ಲಿ ನಿಲ್ಲಬಹುದು. ಯಜಮಾನನ ಸ್ಥಾನಕ್ಕೆ ಅದು ಬರಲಾರದು, ಏಕೆಂದರೆ ಬಿಟ್ಟುಕೊಡಬೇಕಾದರೆ ತನ್ನದು ಎಂಬುದೊಂದು ಮೊದಲು ಇರಬೇಕು. ಹಾಡುವವರಿಗೆ ಉಸಿರು, ಹೊತ್ತು, ದಣಿವು ಇವೆ, ಯಂತ್ರಕ್ಕೆ ಅಂಥದ್ದೇನೂ ಇಲ್ಲ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಬಹುಮಟ್ಟಿಗೆ ವಾದ್ಯಗಳನ್ನೇ ದೂರವಿಟ್ಟು ಮನುಷ್ಯ ಕಂಠವನ್ನಷ್ಟೇ ಉಳಿಸಿಕೊಂಡಿರುವುದನ್ನು ಈ ತರ್ಕದ ತುದಿ ಎನ್ನಬಹುದು. ಎಲ್ಲರೂ ಅಷ್ಟು ದೂರ ಹೋಗಬೇಕಾಗಿಲ್ಲ. ಸ್ಟೈಲಿನ ವಾಲ್ಯೂಮ್ ಸಭೆಯ ಧ್ವನಿಯನ್ನು ಮೀರಿ, ಜನ ಹಾಡುವುದನ್ನು ನಿಲ್ಲಿಸಿ ಕೇಳುತ್ತ ನಿಂತರೆ, ಯಂತ್ರ ಎಷ್ಟೇ ಚೆನ್ನಾಗಿ ಕಾದರೂ ಅಲ್ಲಿ ಯಜಮಾನರಿಲ್ಲ. ಸ್ಟೈಲಿನ ಫೇಡರನ್ನು ಎಷ್ಟು ಇಳಿಸಬೇಕು ಎಂಬುದನ್ನು ವಾದಕರು ಹಾಡುವವರ ಧ್ವನಿ ಕೇಳಿಯೇ ತೀರ್ಮಾನಿಸಬೇಕಾಗುತ್ತದೆ.